ನಿತ್ಯದ ಕೆಲಸ ಕಂಪ್ಯೂಟರಿಗೆ, ಎಚ್ಚರ ನಮಗೆ

ಶಿರಾ ತಾಲ್ಲೂಕಿನ ಹುಲಿಕುಂಟೆ ಹೋಬಳಿಯ ರೈತರ ಪಹಣಿಗಳು ಒಂದು ಕಾಲಕ್ಕೆ ಗ್ರಾಮಲೆಕ್ಕಿಗರ ಕೈಬರಹದಲ್ಲಿದ್ದವು. 2000ದ ದಶಕದ ಆರಂಭದಲ್ಲಿ ‘ಭೂಮಿ’ ಯೋಜನೆ ರಾಜ್ಯದ 177 ತಾಲ್ಲೂಕುಗಳ ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿತು. ಕಾಗದಕ್ಕೆ ಗೆದ್ದಲಿನ ಭಯ; ಹಾರ್ಡ್ ಡಿಸ್ಕಿಗೆ ದಿಢೀರನೆ ಕೆಡುವ ಭಯ. ಹೀಗಾಗಿ ಕಡತಗಳ ನಕಲು ತೆಗೆದಿಡುವುದೇ ಕಂಪ್ಯೂಟರ್ ನಿರ್ವಹಣೆಯ ಮೊದಲ ಪಾಠ.

ಈ ಪಾಠ ವಿದ್ಯಾರ್ಥಿಗಳಿಗೂ ಬೇಕು. ವರ್ಷವಿಡೀ ದುಡಿದು ಸಿದ್ಧಪಡಿಸಿದ ಪ್ರಾಜೆಕ್ಟ್ ಪರೀಕ್ಷೆಯ ಹಿಂದಿನ ದಿನ ಅಳಿಸಿಹೋದರೆ ಗತಿಯೇನು? ದಿನವೂ ನೆನಪಿಟ್ಟು ನಕಲು ಮಾಡುವುದು ಬೇಸರದ ಕೆಲಸ. ಇಲ್ಲಿ ನೆರವಿಗೆ ಬರುವುದು ‘ಸ್ಕ್ರಿಪ್ಟ್’. ಅಂದರೆ, ಕಂಪ್ಯೂಟರ್ ಒಂದಾದ ಮೇಲೊಂದರಂತೆ ಪಾಲಿಸಬೇಕಾದ ಆಜ್ಞೆಗಳ ಪಟ್ಟಿ. ನೋಟ್‌ಪ್ಯಾಡಿನಲ್ಲೇ ಇದನ್ನು ಬರೆಯಬಹುದು. ಡಾಸ್ ಕಾಲದ ಬ್ಯಾಚ್ ಫೈಲ್ ವಿಂಡೋಸ್‌ನಲ್ಲಿ ಇಂದಿಗೂ ನಡೆಯುತ್ತದೆ; 2006ರಲ್ಲಿ ಬಂದ ಪವರ್‌ಶೆಲ್ ಇನ್ನೂ ಸಮರ್ಥ.

ವಿಂಡೋಸ್‌ನಲ್ಲೇ ಇರುವ ‘ರೋಬೋಕಾಪಿ’ ಆಜ್ಞೆ ಹೊಸ ಹಾಗೂ ಬದಲಾದ ಕಡತಗಳನ್ನಷ್ಟೇ ಪೆನ್‌ಡ್ರೈವಿಗೆ ನಕಲಿಸುತ್ತದೆ. ‘ಟಾಸ್ಕ್ ಶೆಡ್ಯೂಲರ್’ನಲ್ಲಿ ವೇಳೆ ಗೊತ್ತುಮಾಡಿದರೆ ಪ್ರತಿ ಸಂಜೆ ಕೆಲಸ ತಾನಾಗಿ ಮುಗಿಯುತ್ತದೆ.

ಆದರೆ ಎಚ್ಚರ! ಸ್ಕ್ರಿಪ್ಟಿಗೆ ವಿವೇಚನೆ ಇಲ್ಲ. ತಪ್ಪನ್ನೂ ಅಷ್ಟೇ ನಿಷ್ಠೆಯಿಂದ ಮಾಡುತ್ತದೆ. ರೋಬೋಕಾಪಿಗೆ ‘ಮಿರ್’ ಸೂಚನೆ ಸೇರಿಸಿದರೆ, ಮೂಲದಲ್ಲಿ ಇಲ್ಲದ ಕಡತಗಳನ್ನು ನಕಲಿನಿಂದಲೂ ಅಳಿಸುತ್ತದೆ. ಮೊದಲು ‘ಎಲ್’ ಸೂಚನೆ ಕೊಟ್ಟು ನೋಡಿ. ಆಗ ಏನು ಮಾಡಲಿದೆ ಎಂದು ತೋರಿಸುತ್ತದೆ, ಮಾಡುವುದಿಲ್ಲ. ಪವರ್‌ಶೆಲ್‌ನ ಹಲವು ಆಜ್ಞೆಗಳಿಗೆ ‘ವಾಟ್‌ಇಫ್’ ಇದೇ ಕೆಲಸ ಮಾಡುತ್ತದೆ.

ಪಾಲಕರು ಮಾಡಬಹುದಾದದ್ದೂ ಒಂದಿದೆ: ತಿಂಗಳಿಗೊಮ್ಮೆ ನಕಲಿನ ಕಡತವನ್ನು ಮಕ್ಕಳಿಂದ ತೆರೆಯಿಸಿ ನೋಡುವುದು. ತೆರೆಯದ ನಕಲು ಇದ್ದೂ ಇಲ್ಲದಂತೆ.