ಮಿಲಾನ್ ತಂಡದ ಹಿಂಬದಿಯ ಕಾವಲುಗಾರರು

ಪತ್ರಿಕೆಗಳಲ್ಲಿ ಕಾಲ್ಚೆಂಡಿನ ಪಂದ್ಯದ ವರದಿಯನ್ನು ಓದುವ ನಮ್ಮ ವಾಚಕ ಬಂಧುಗಳು ಒಂದು ಸಂಗತಿಯನ್ನು ಗಮನಿಸಿರಬಹುದು. ಗೋಲು ಹೊಡೆದವರ ಹೆಸರು ಅಲ್ಲಿ ತಪ್ಪದೆ ಇರುತ್ತದೆ. ಯಾವ ನಿಮಿಷದಲ್ಲಿ ಹೊಡೆದರೆಂಬುದೂ ಇರುತ್ತದೆ. ಆದರೆ ಆಗಲಿದ್ದ ಗೋಲನ್ನು ಆಗದಂತೆ ತಡೆದವನ ಹೆಸರು ಹುಡುಕಿದರೂ ಸಿಗುವುದಿಲ್ಲ. ಕಚೇರಿಯಲ್ಲಿ ಲೆಕ್ಕ ಬರೆಯುವವರಿಗೆ ಇದು ಹೊಸತಲ್ಲ. ಜಮಾ ಉಂಟು, ಖರ್ಚು ಉಂಟು. ಒಬ್ಬನ ಎಚ್ಚರದಿಂದ ಆಗದೆ ಹೋದ ನಷ್ಟವನ್ನು ಬರೆಯುವುದಕ್ಕೆ ಮಾತ್ರ ಯಾವ ಖಾತೆ ಪುಸ್ತಕದಲ್ಲಿಯೂ ಕಾಲಂ ಇಲ್ಲ.

ಹೀಗೆ ಕಾಲಂ ಇಲ್ಲದ ಕೆಲಸವನ್ನು ಮಾಡಿಯೂ ಲೋಕಪ್ರಸಿದ್ಧರಾದ ಕೆಲವರ ವಿಷಯವನ್ನು ಈ ಸಲ ತಿಳಿಸಬೇಕೆಂದಿದ್ದೇವೆ. ಇವರೆಲ್ಲ ಇಟಲಿ ದೇಶದ ಮಿಲಾನ್ ನಗರದ ಎ.ಸಿ. ಮಿಲಾನ್ ತಂಡದವರು, ಗೋಲಿನ ಮುಂದೆ, ಹಿಂಬದಿಯ ನಡುವೆ ನಿಂತು ಆಡಿದವರು. ಈ ಸ್ಥಾನಕ್ಕೆ ಇಂದು ಸೆಂಟರ್ ಬ್ಯಾಕ್ ಎಂಬ ಹೆಸರಿದೆ. ನಮ್ಮ ದೇಶದ ಮೈದಾನಗಳಲ್ಲಿ ಹಳಬರು ಸ್ಟಾಪರ್ ಎಂದು ಕರೆಯುವುದುಂಟು.

ಮೊದಲು ಈ ತಂಡದ ಹುಟ್ಟಿನ ಬಗ್ಗೆ ಎರಡು ಮಾತು. ಊರು ಬಿಟ್ಟು ಬಂದು ಪರವೂರಿನಲ್ಲಿ ಸಂಘ ಕಟ್ಟಿಕೊಂಡಿರುವ ನಮ್ಮಂಥವರಿಗೆ ಅದು ರುಚಿಸುವಂಥದು. ಇಂಗ್ಲೆಂಡಿನ ನಾಟಿಂಗ್‌ಹ್ಯಾಮಿನಿಂದ ಜವಳಿಯ ಉದ್ಯೋಗಕ್ಕಾಗಿ ಇಟಲಿಗೆ ಬಂದಿದ್ದ ಹರ್ಬರ್ಟ್ ಕಿಲ್ಪಿನ್ ಎಂಬವರೂ ಅವರ ಗೆಳೆಯರೂ ಸೇರಿ 1899ರ ಡಿಸೆಂಬರಿನಲ್ಲಿ ಮಿಲಾನ್ ಫುಟ್‌ಬಾಲ್ ಅಂಡ್ ಕ್ರಿಕೆಟ್ ಕ್ಲಬ್ ಎಂಬ ಸಂಘವನ್ನು ಆರಂಭಿಸಿದರು. ಇಟಲಿಯವರು ಆ ನಗರವನ್ನು ಮಿಲಾನೊ ಎನ್ನುತ್ತಾರೆ. ಆದರೆ ತಂಡಕ್ಕೆ ಇಂದಿಗೂ ಆ ವಲಸೆಗಾರರು ಇಟ್ಟ ಇಂಗ್ಲಿಷ್ ಉಚ್ಚಾರಣೆಯ ಹೆಸರೇ ಇದೆ. ಫ್ಯಾಸಿಸ್ಟರ ಆಳ್ವಿಕೆಯಲ್ಲಿ ಅದನ್ನು ಬಲವಂತವಾಗಿ ಮಿಲಾನೊ ಎಂದು ಬದಲಾಯಿಸಲಾಗಿತ್ತು. ಮಹಾಯುದ್ಧ ಮುಗಿದ ಮೇಲೆ ತಂಡವು ಹಳೆಯ ಹೆಸರನ್ನೇ ಮತ್ತೆ ಹಿಡಿಯಿತು.

ನಡುವಣ ಕಾವಲುಗಾರನ ಕೆಲಸ

ಈ ಸ್ಥಾನದಲ್ಲಿ ಆಡುವವನ ಕೆಲಸವೇನು? ಎದುರಾಳಿ ಮುನ್ನುಗ್ಗಿ ಬಂದಾಗ ಚೆಂಡನ್ನು ಕಸಿಯುವುದು, ಮೇಲಿಂದ ಬಂದುದನ್ನು ತಲೆಯಿಂದ ಹೊಡೆದು ದೂರ ಮಾಡುವುದು, ಇವು ಎಲ್ಲರ ಕಣ್ಣಿಗೂ ಬೀಳುತ್ತವೆ. ಇದಕ್ಕಿಂತ ಹೆಚ್ಚಿನ ಕೆಲಸ ಚೆಂಡು ಬರುವುದಕ್ಕೆ ಮೊದಲೇ ನಡೆದಿರುತ್ತದೆ. ಯಾರು ಎಲ್ಲಿಗೆ ಓಡುತ್ತಾರೆ, ಚೆಂಡು ಎಲ್ಲಿ ಬಂದು ಬೀಳುತ್ತದೆ ಎಂದು ಊಹಿಸಿ ಅಲ್ಲಿಗೆ ಮುಂಚಿತವಾಗಿ ಹೋಗಿ ನಿಲ್ಲಬೇಕು. ಚೆನ್ನಾಗಿ ನಿಂತವನಿಗೆ ನೆಲಕ್ಕೆ ಬಿದ್ದು ಜಾರಿ ಚೆಂಡು ಕಸಿಯುವ ಪ್ರಸಂಗವೇ ಅಪರೂಪ. ಆದ್ದರಿಂದ ಈ ಆಟದಲ್ಲಿ ನಿಪುಣನಾದಷ್ಟೂ ಅವನ ಶ್ರಮ ಕಾಣುವುದು ಕಡಿಮೆ.

ಹಿಂದೆ ಇಟಲಿಯಲ್ಲಿ ಒಂದು ಪದ್ಧತಿ ಬಹಳ ರೂಢಿಯಲ್ಲಿತ್ತು. ಹಿಂಬದಿಯ ಒಬ್ಬೊಬ್ಬ ಆಟಗಾರನೂ ಎದುರಾಳಿಯ ಒಬ್ಬೊಬ್ಬನ ಬೆನ್ನು ಹತ್ತುವನು. ಅವರೆಲ್ಲರ ಹಿಂದೆ ಯಾರ ಹೊಣೆಯೂ ಇಲ್ಲದ ಇನ್ನೊಬ್ಬನು ನಿಂತು, ತಪ್ಪಿಸಿಕೊಂಡು ಬಂದವರನ್ನು ತಡೆಯುವನು. ಇವನಿಗೆ ಲಿಬೆರೊ, ಎಂದರೆ ಸ್ವತಂತ್ರನು ಎಂದು ಹೆಸರು. ಇಡೀ ಪದ್ಧತಿಗೆ ಕತೆನಾಚ್ಚೊ ಎಂದು ಹೆಸರು; ಬಾಗಿಲಿಗೆ ಹಾಕುವ ಅಗುಳಿ ಎಂದು ಅದರ ಅರ್ಥ.

ಅಗುಳಿಯ ಕಾಲದವರು

1954ರಲ್ಲಿ ತ್ರಿಯೆಸ್ತೆ ಎಂಬ ಬಂದರು ನಗರದಿಂದ ಚೆಸಾರೆ ಮಾಲ್ದೀನಿ ಎಂಬ 22 ವಯಸ್ಸಿನ ತರುಣರು ಮಿಲಾನಿಗೆ ಬಂದರು. ಹನ್ನೆರಡು ವರ್ಷ ಅಲ್ಲಿ ಆಡಿ ನಾಲ್ಕು ಸಲ ಇಟಲಿಯ ಲೀಗ್ ಪ್ರಶಸ್ತಿ ಗೆದ್ದರು. ಬಂದ ಚೆಂಡನ್ನು ಕಣ್ಣುಮುಚ್ಚಿ ಹೊರಗೆ ಒದೆಯುವುದು ಅವರ ಜಾಯಮಾನವಲ್ಲ. ಅದನ್ನು ನಾಜೂಕಾಗಿ ಹಿಡಿದು, ಎದುರಾಳಿಯನ್ನು ತಪ್ಪಿಸಿ, ತನ್ನವರಿಗೆ ಸಾಗಿಸುವರು. ಒಮ್ಮೊಮ್ಮೆ ಈ ನಾಜೂಕೇ ಮುಳುವಾಗಿ ಚೆಂಡು ಕೈಬಿಡುತ್ತಿತ್ತು. ಅಂಥ ಎಡವಟ್ಟಿಗೆ ಅಲ್ಲಿನ ಪತ್ರಕರ್ತರು ಮಾಲ್ದೀನಿಯವರ ಹೆಸರಿನಿಂದಲೇ ‘ಮಾಲ್ದಿನಾತೆ’ ಎಂಬ ಹೊಸ ಶಬ್ದವನ್ನು ಹುಟ್ಟಿಸಿದರು. ನೂರು ಸಲ ತಡೆದುದಕ್ಕೆ ಶಬ್ದ ಹುಟ್ಟಲಿಲ್ಲ, ನಾಲ್ಕು ಸಲ ತಪ್ಪಿದುದಕ್ಕೆ ಹುಟ್ಟಿತು! ಈ ಸ್ಥಾನದವರ ಹಣೆಬರಹವೇ ಅಂಥದು.

1963ರ ಮೇ 22ರಂದು ಲಂಡನ್ನಿನ ವೆಂಬ್ಲಿಯಲ್ಲಿ ಯುರೋಪಿಯನ್ ಕಪ್ಪಿನ ಅಂತಿಮ ಪಂದ್ಯ. ಎದುರಿಗೆ ಪೋರ್ಚುಗಲ್ಲಿನ ಬೆನ್‌ಫಿಕಾ. ಅದರಲ್ಲಿ ಹೆಸರಾಂತ ಯುಸೇಬಿಯೊ. ಯುಸೇಬಿಯೊ ಮೊದಲು ಗೋಲು ಹೊಡೆದರೂ, ಮಿಲಾನಿನ ಅಲ್ತಾಫಿನಿ ಎರಡು ಗೋಲು ಹೊಡೆದು ತಂಡವನ್ನು ಗೆಲ್ಲಿಸಿದರು. ಇಟಲಿಯ ತಂಡವೊಂದು ಆ ಕಪ್ಪನ್ನು ಗೆದ್ದದ್ದು ಅದೇ ಮೊದಲು. ಅದನ್ನು ಎತ್ತಿ ಹಿಡಿದ ನಾಯಕರು ಚೆಸಾರೆ ಮಾಲ್ದೀನಿ.

ಇವರ ಬಳಿಕ ಬಂದ ಜರ್ಮನಿಯ ಕಾರ್ಲ್-ಹೈನ್ಜ್ ಶ್ನೆಲ್ಲಿಂಗರ್ 1965ರಿಂದ 1974ರ ವರೆಗೆ ಮಿಲಾನಿನಲ್ಲಿ ಆಡಿದರು. ಅವರೂ ರೊಬೆರ್ತೊ ರೊಸಾತೊ ಅವರೂ ಹಿಂಬದಿಯಲ್ಲಿದ್ದ ತಂಡವು 1969ರಲ್ಲಿ ಕ್ರೈಫ್ ಇದ್ದ ಆಯಾಕ್ಸ್ ತಂಡವನ್ನು 4–1ರಿಂದ ಸೋಲಿಸಿ ಎರಡನೆಯ ಸಲ ಕಪ್ ಗೆದ್ದಿತು. ಮರುವರ್ಷ ವಿಶ್ವಕಪ್ಪಿನ ಉಪಾಂತ್ಯದಲ್ಲಿ ಇಟಲಿಗೂ ಪಶ್ಚಿಮ ಜರ್ಮನಿಗೂ ಎದುರುಬದಿರು ಬಿತ್ತು. ಆಟ ಮುಗಿಯುವ ಕಟ್ಟಕಡೆಯ ಗಳಿಗೆಯಲ್ಲಿ ಜರ್ಮನಿಗೆ ಸಮಗೋಲು ತಂದುಕೊಟ್ಟವರು, ಅನ್ನ ಕೊಡುತ್ತಿದ್ದ ನಾಡಿನ ಎದುರಿಗೆ ನಿಂತ ಶ್ನೆಲ್ಲಿಂಗರ್. ತಮ್ಮ ದೇಶಕ್ಕಾಗಿ ಅವರು ಹೊಡೆದ ಏಕಮಾತ್ರ ಗೋಲು ಅದು. ಕೊನೆಗೆ ಹೆಚ್ಚುವರಿ ಸಮಯದಲ್ಲಿ ಇಟಲಿಯನ್ನು 4–3ರಿಂದ ಗೆಲ್ಲಿಸಿದ ಗೋಲು ಮಿಲಾನಿನಲ್ಲಿ ಅವರ ಜೊತೆಗಾರರಾದ ರಿವೆರಾ ಅವರದು! ಅದಾದ ಮೇಲೂ ನಾಲ್ಕು ವರ್ಷ ಅವರು ಮಿಲಾನಿನ ಅಂಗಿಯನ್ನೇ ತೊಟ್ಟು ಆಡಿದರು. ದುಡಿಯುವ ಊರು ಒಂದು, ಹುಟ್ಟಿದ ಊರು ಒಂದು ಆದವರ ಪಾಡನ್ನು ನಾವು ವಿವರಿಸಬೇಕಾಗಿಲ್ಲ.

ಫ್ರಾಂಕೊ ಬರೇಸಿ

ಈ ಸಾಲಿನಲ್ಲಿ ಎಲ್ಲರಿಗಿಂತ ಹಿರಿಯರು ಯಾರು ಎಂದು ಕೇಳಿದರೆ, ಮಿಲಾನಿನ ಬಹುಪಾಲು ಅಭಿಮಾನಿಗಳು ಹೇಳುವ ಹೆಸರು ಫ್ರಾಂಕೊ ಬರೇಸಿ. ಜನನ 1960ರಲ್ಲಿ, ಬ್ರೆಷಾ ಸೀಮೆಯ ತ್ರವಲ್ಯಾತೊ ಎಂಬ ಊರಿನಲ್ಲಿ. ಹರೆಯದಲ್ಲೇ ತಾಯಿಯನ್ನೂ ತಂದೆಯನ್ನೂ ಕಳೆದುಕೊಂಡರು. ಅಣ್ಣ ಜುಸೆಪ್ಪೆಯನ್ನು ಅದೇ ನಗರದ ಇನ್ನೊಂದು ದೊಡ್ಡ ತಂಡವಾದ ಇಂಟರ್ ಸೇರಿಸಿಕೊಂಡಿತು. ತಮ್ಮನದು ಸಣಕಲು ಮೈಯೆಂದು ಅವರು ಬೇಡವೆಂದರು. ಮಿಲಾನ್ ತೆಗೆದುಕೊಂಡಿತು. ಪೂರ್ತಿ ಬೆಳೆದ ಮೇಲೂ ಅವರ ಎತ್ತರ ಐದು ಅಡಿ ಒಂಬತ್ತು ಅಂಗುಲದಷ್ಟೇ. ಈ ಸ್ಥಾನಕ್ಕೆ ಅದು ಕಡಿಮೆಯೆಂದೇ ಹೇಳಬೇಕು. ಎತ್ತರದಲ್ಲಿ ಕಡಿಮೆಯಾದುದನ್ನು ಅವರು ಮುಂದಾಲೋಚನೆಯಿಂದ ತುಂಬಿಕೊಂಡರು.

ಅವರು ಮೊದಲ ತಂಡದಲ್ಲಿ ಆಡಿದ್ದು 1978ರಲ್ಲಿ. 1979ರಲ್ಲಿ ತಂಡ ಲೀಗ್ ಗೆದ್ದಿತು. ಆಮೇಲೆ ಬಂತು ಕೆಟ್ಟ ಕಾಲ. 1980ರಲ್ಲಿ ಪಂದ್ಯಗಳ ಮೇಲೆ ಜೂಜು ಕಟ್ಟಿ ಫಲಿತಾಂಶ ತಿರುಚಿದ ಹಗರಣ ಬಯಲಾಗಿ, ಮಿಲಾನನ್ನು ಶಿಕ್ಷೆಯಾಗಿ ಎರಡನೆಯ ದರ್ಜೆಗೆ ಇಳಿಸಲಾಯಿತು. ಮರುವರ್ಷ ಮೇಲೆ ಬಂದಿತು. 1982ರಲ್ಲಿ ಸೋತು ಸೋತು ಮತ್ತೆ ಕೆಳಗಿಳಿಯಿತು. ಅದೇ ವರ್ಷ ಇಟಲಿ ವಿಶ್ವಕಪ್ ಗೆದ್ದಿತ್ತು. ಪಂದ್ಯವೊಂದರಲ್ಲೂ ಆಡುವ ಅವಕಾಶ ಸಿಗದಿದ್ದರೂ ಬರೇಸಿ ಆ ತಂಡದಲ್ಲಿದ್ದರು. ಅಂಥವರು ಬೇರೆ ತಂಡ ಸೇರಿದ್ದರೆ ಯಾರೂ ತಪ್ಪೆನ್ನುತ್ತಿರಲಿಲ್ಲ. ಅವರು ಹೋಗಲಿಲ್ಲ. 22ನೆಯ ವಯಸ್ಸಿಗೆ ನಾಯಕತ್ವ ವಹಿಸಿಕೊಂಡು, ಎರಡನೆಯ ದರ್ಜೆಯ ಮೈದಾನಗಳಲ್ಲಿ ಆಡಿ, 1983ರಲ್ಲಿ ತಂಡವನ್ನು ಮೇಲಕ್ಕೆ ತಂದರು.

ಒಂದೇ ಗೆರೆಯ ನಾಲ್ವರು

1987ರಲ್ಲಿ ಅರಿಗೊ ಸಾಕ್ಕಿ ಎಂಬವರು ತರಬೇತುದಾರರಾಗಿ ಬಂದರು. ದೊಡ್ಡ ಆಟಗಾರರಲ್ಲ, ತಂದೆಯ ಪಾದರಕ್ಷೆ ಕಾರ್ಖಾನೆಯ ಮಾಲು ಮಾರುತ್ತಿದ್ದವರು. ಬಂದವರೇ ಹಳೆಯ ಅಗುಳಿಯನ್ನು ತೆಗೆದುಹಾಕಿದರು. ಬೆನ್ನು ಹತ್ತುವುದೂ ಬೇಡ, ಹಿಂದೆ ಲಿಬೆರೊ ನಿಲ್ಲುವುದೂ ಬೇಡ. ಹಿಂಬದಿಯ ನಾಲ್ವರೂ ಒಂದೇ ಗೆರೆಯಲ್ಲಿ ನಿಂತು, ಎಲ್ಲರೂ ಒಟ್ಟಿಗೆ ಮುಂದಕ್ಕೂ ಒಟ್ಟಿಗೆ ಹಿಂದಕ್ಕೂ ಸರಿಯಬೇಕು ಎಂದರು.

ಇದರ ಗುಟ್ಟು ಆಫ್‌ಸೈಡ್ ನಿಯಮದಲ್ಲಿದೆ. ಎದುರಾಳಿಯ ಅಂಗಳದಲ್ಲಿರುವ ಆಟಗಾರನಿಗೆ ಅವನ ಕಡೆಯವರು ಚೆಂಡು ಒದೆಯುವ ಗಳಿಗೆಯಲ್ಲಿ, ಅವನು ಚೆಂಡಿಗಿಂತಲೂ ಎದುರಾಳಿಯ ಕೊನೆಯಿಂದ ಎರಡನೆಯವನಿಗಿಂತಲೂ ಮುಂದೆ ನಿಂತಿದ್ದರೆ ಆ ಚೆಂಡನ್ನು ಆಡುವಂತಿಲ್ಲ. ಸಾಮಾನ್ಯವಾಗಿ ಕೊನೆಯವನು ಗೋಲಿ. ಹಿಂಬದಿಯ ನಾಲ್ವರು ಸರಿಯಾದ ಗಳಿಗೆಯಲ್ಲಿ ಎರಡು ಹೆಜ್ಜೆ ಮುಂದಿಟ್ಟರೆ, ನುಗ್ಗಿ ಬಂದವನು ತಾನಾಗಿಯೇ ನಿಯಮದ ಬಲೆಗೆ ಬೀಳುತ್ತಾನೆ. ನಾಲ್ವರಲ್ಲಿ ಒಬ್ಬನು ಒಂದು ಕ್ಷಣ ತಡಮಾಡಿದರೂ ಸಾಕು, ಬಲೆ ಹರಿದು ಗೋಲು ತೆರೆದುಕೊಳ್ಳುತ್ತದೆ. ಹೆಜ್ಜೆ ಇಡುವ ಗಳಿಗೆಯನ್ನು ಗೊತ್ತುಮಾಡಿ ಕೈ ಎತ್ತುತ್ತಿದ್ದವರು ಬರೇಸಿ. ಅವರ ಪಕ್ಕದಲ್ಲಿ ನಡುವೆ ಕೊಸ್ತಾಕುರ್ತಾ, ಬಲಕ್ಕೆ ತಸ್ಸೋತ್ತಿ, ಎಡಕ್ಕೆ ಪಾವೊಲೊ ಮಾಲ್ದೀನಿ.

ಈ ನಾಲ್ವರನ್ನೂ ಗೋಲಿಯನ್ನೂ ಒಂದು ಕಡೆ ನಿಲ್ಲಿಸಿ, ಗುಲ್ಲಿತ್, ವಾನ್ ಬಾಸ್ತೆನ್ ಮೊದಲಾದ ಹತ್ತು ಮಂದಿಯನ್ನು ಅವರ ಮೇಲೆ ಕಾಲು ಗಂಟೆ ನುಗ್ಗಿಸಿದರೂ ಒಂದು ಗೋಲೂ ಆಗುತ್ತಿರಲಿಲ್ಲವೆಂದು ಸಾಕ್ಕಿಯವರೇ ಹೇಳಿದ್ದಾರೆ. 1988ರಲ್ಲಿ ಲೀಗ್ ಗೆದ್ದಾಗ 30 ಪಂದ್ಯಗಳಲ್ಲಿ ತಂಡ ಬಿಟ್ಟುಕೊಟ್ಟದ್ದು ಬರೀ 14 ಗೋಲು. 1989ರಲ್ಲೂ 1990ರಲ್ಲೂ ಯುರೋಪಿಯನ್ ಕಪ್ ಅವರ ಪಾಲಾಯಿತು. 1989ರಲ್ಲಿ ಯುರೋಪಿನ ಅತ್ಯುತ್ತಮ ಆಟಗಾರನ ಪ್ರಶಸ್ತಿಯಾದ ಚಿನ್ನದ ಚೆಂಡು ಗೋಲು ಹೊಡೆಯುವ ವಾನ್ ಬಾಸ್ತೆನ್ ಅವರಿಗೆ ಹೋಯಿತು. ಎರಡನೆಯ ಸ್ಥಾನದಲ್ಲಿದ್ದವರು ಗೋಲು ತಡೆಯುವ ಬರೇಸಿ. ಕಾಲಂ ಇಲ್ಲದ ಲೆಕ್ಕಕ್ಕೆ ಅಷ್ಟಾದರೂ ಜಮಾ ಆಯಿತೆನ್ನಬೇಕು.

ಸಾಕ್ಕಿಯವರ ಬಳಿಕ ಕಪೆಲ್ಲೊ ಬಂದರು. 1993–94ರಲ್ಲಿ ಲೀಗ್ ಗೆದ್ದ ಮಿಲಾನ್ 34 ಪಂದ್ಯಗಳಲ್ಲಿ ಹೊಡೆದ ಗೋಲುಗಳು 36 ಮಾತ್ರ, ಬಿಟ್ಟುಕೊಟ್ಟದ್ದು 15. ಪಂದ್ಯಕ್ಕೆ ಒಂದು ಗೋಲಿನಷ್ಟು ಗಳಿಕೆಯಲ್ಲೇ ಮನೆ ನಡೆದದ್ದು ಸೋರಿಕೆ ಇಲ್ಲದ್ದರಿಂದ. ಅದೇ ವರ್ಷ ಅಥೆನ್ಸಿನಲ್ಲಿ ನಡೆದ ಯುರೋಪಿಯನ್ ಅಂತಿಮ ಪಂದ್ಯದಲ್ಲಿ ಬರೇಸಿಯವರೂ ಕೊಸ್ತಾಕುರ್ತಾ ಅವರೂ ನಿಷೇಧದಿಂದಾಗಿ ಆಡುವಂತಿರಲಿಲ್ಲ. ಎದುರಿಗೆ ರೊಮಾರಿಯೊ, ಸ್ತೊಯಿಚ್ಕೊವ್ ಇದ್ದ ಬಾರ್ಸಿಲೋನಾ. ನಡುವಿನ ಕಾವಲಿಗೆ ಫಿಲಿಪ್ಪೊ ಗಲ್ಲಿಯವರೂ, ಎಡಗಡೆಯಿಂದ ಸರಿದು ಬಂದ ಪಾವೊಲೊ ಮಾಲ್ದೀನಿಯವರೂ ನಿಂತರು. ಮಿಲಾನ್ 4–0ರಿಂದ ಗೆದ್ದಿತು. ಇಬ್ಬರು ಇಲ್ಲದಿದ್ದಾಗಲೂ ಗೆರೆ ಕದಲಲಿಲ್ಲ.

ಒಂದು ತಿಂಗಳ ನಂತರ ಅಮೆರಿಕದಲ್ಲಿ ವಿಶ್ವಕಪ್. ಬರೇಸಿಯವರ ಮೊಣಕಾಲಿಗೆ ಪೆಟ್ಟಾಗಿ ಶಸ್ತ್ರಚಿಕಿತ್ಸೆಯಾಯಿತು. ಸುಮಾರು ಮೂರು ವಾರ ಕಳೆಯುವಷ್ಟರಲ್ಲಿ ಅವರು ಬ್ರೆಜಿಲ್ ಎದುರಿನ ಅಂತಿಮ ಪಂದ್ಯಕ್ಕೆ ಇಳಿದು, 34ನೆಯ ವಯಸ್ಸಿನಲ್ಲಿ, ಸುಡುಬಿಸಿಲಿನಲ್ಲಿ 120 ನಿಮಿಷ ಆಡಿದರು. ಬ್ರೆಜಿಲಿಗೆ ಒಂದು ಗೋಲೂ ಸಿಗಲಿಲ್ಲ. ಪೆನಾಲ್ಟಿ ಒದೆತದಲ್ಲಿ ಇಟಲಿಯ ಮೊದಲ ಒದೆತ ಬರೇಸಿಯವರದು. ಅದು ಗುರಿ ತಪ್ಪಿ ಮೇಲಕ್ಕೆ ಹೋಯಿತು. ಕೊನೆಗೆ ಇಟಲಿ ಸೋತಿತು. ಆ ಎರಡು ಗಂಟೆ ತಡೆದುದು ಎಷ್ಟು ಜನರ ನೆನಪಿನಲ್ಲಿದೆ? ತಪ್ಪಿದ ಒದೆತ ಮಾತ್ರ ಎಲ್ಲರಿಗೂ ನೆನಪಿದೆ.

ಮಿಲಾನ್ ತಂಡ ಮರೆಯಲಿಲ್ಲ. 719 ಪಂದ್ಯಗಳನ್ನಾಡಿ, ಆರು ಲೀಗ್ ಪ್ರಶಸ್ತಿ ಗೆದ್ದು, 1997ರಲ್ಲಿ ಅವರು ನಿವೃತ್ತರಾದಾಗ ಅವರ 6ನೆಯ ಸಂಖ್ಯೆಯ ಅಂಗಿಯನ್ನು ಇನ್ನಾರಿಗೂ ಕೊಡಬಾರದೆಂದು ತೀರ್ಮಾನಿಸಿತು.

ಕೊಸ್ತಾಕುರ್ತಾ, ನೆಸ್ತಾ, ಕಿರಿಯ ಮಾಲ್ದೀನಿ

ಅಲೆಸ್ಸಾಂದ್ರೊ ಕೊಸ್ತಾಕುರ್ತಾ ಎಲೆಮರೆಯ ಕಾಯಿಯಂತೆ ಇದ್ದವರು. ಬರೇಸಿಯವರ ಪಕ್ಕದಲ್ಲಿ ನಿಂತವನ ಮೇಲೆ ಯಾರ ಕಣ್ಣು ಹೋದೀತು? ಆದರೂ 660ಕ್ಕೂ ಹೆಚ್ಚು ಪಂದ್ಯಗಳಲ್ಲಿ ಆಡಿ, 41 ತುಂಬಿದ ಮೇಲೆ 2007ರಲ್ಲಿ ಬೀಳ್ಕೊಂಡರು. ಕಡೆಯ ಪಂದ್ಯದಲ್ಲಿ ಪೆನಾಲ್ಟಿಯಿಂದ ಒಂದು ಗೋಲನ್ನೂ ಹೊಡೆದರು. ಇಟಲಿಯ ಲೀಗಿನಲ್ಲಿ ಅಷ್ಟು ವಯಸ್ಸಿನಲ್ಲಿ ಗೋಲು ಹೊಡೆದವರು 2023ರ ವರೆಗೆ ಬೇರೆ ಇರಲಿಲ್ಲ.

ರೋಮಿನ ಲಾಜಿಯೊ ತಂಡದಲ್ಲಿ ಬೆಳೆದು ನಾಯಕರಾಗಿದ್ದ ಅಲೆಸ್ಸಾಂದ್ರೊ ನೆಸ್ತಾ, ಆ ತಂಡ ಹಣದ ಮುಗ್ಗಟ್ಟಿಗೆ ಸಿಕ್ಕಿದ್ದರಿಂದ, 2002ರಲ್ಲಿ ಮಿಲಾನಿಗೆ ಬಂದರು. ಹತ್ತು ವರ್ಷ ಅಲ್ಲಿದ್ದರು. ಓಡುವವನ ಜೊತೆ ಸಮಕ್ಕೆ ಓಡಿ, ಅವನ ಕಾಲಿಗೆ ತಾಗದಂತೆ ಚೆಂಡನ್ನಷ್ಟೇ ತೆಗೆದುಕೊಳ್ಳುವುದರಲ್ಲಿ ಅವರನ್ನು ಮೀರಿಸಿದವರು ವಿರಳ.

ಚೆಸಾರೆಯವರ ಮಗ ಪಾವೊಲೊ ಮಾಲ್ದೀನಿ ಮೊದಲ ತಂಡಕ್ಕೆ ಬಂದದ್ದು 1985ರಲ್ಲಿ, 16ನೆಯ ವಯಸ್ಸಿನಲ್ಲಿ. ಅಪ್ಪನ ಹೆಸರಿನ ಭಾರ ಸಾಮಾನ್ಯವೇ? ಮೊದಲು ಎಡಬದಿಯಲ್ಲಿಯೂ ಆಮೇಲೆ ನಡುವಿನಲ್ಲಿಯೂ ನಿಂತು, 902 ಪಂದ್ಯಗಳನ್ನಾಡಿ, ಐದು ಸಲ ಯುರೋಪಿಯನ್ ಕಪ್ ಗೆದ್ದರು. 2003ರಲ್ಲಿ ಮ್ಯಾಂಚೆಸ್ಟರಿನಲ್ಲಿ ಯುವೆಂತುಸ್ ಎದುರು ಗೋಲಿಲ್ಲದೆ ಮುಗಿದ ಅಂತಿಮ ಪಂದ್ಯವನ್ನು ಪೆನಾಲ್ಟಿಯಲ್ಲಿ ಗೆದ್ದಾಗ ಕಪ್ ಎತ್ತಿದ ನಾಯಕರು ಅವರೇ. ತಂದೆ ಇಂಗ್ಲೆಂಡಿನಲ್ಲಿ ಎತ್ತಿದ ಕಪ್ಪನ್ನು ನಲವತ್ತು ವರ್ಷದ ಮೇಲೆ ಮಗನೂ ಇಂಗ್ಲೆಂಡಿನಲ್ಲೇ ಎತ್ತಿದಂತಾಯಿತು.

ಇಂಥವರು 2009ರಲ್ಲಿ ತವರಿನ ಕಡೆಯ ಪಂದ್ಯವಾಡಿದ ದಿನ, ಅವರೊಡನೆ ಮನಸ್ತಾಪವಿದ್ದ ಅಭಿಮಾನಿಗಳ ಒಂದು ಗುಂಪು ಸಿಳ್ಳೆ ಹಾಕಿ ಹೀಯಾಳಿಸಿತು. ನಾಯಕನೆಂದರೆ ಬರೇಸಿ ಒಬ್ಬರೇ ಎಂಬ ಫಲಕ ಹಿಡಿಯಿತು. ಒಂದು ವಾರದ ಬಳಿಕ ಪರಸ್ಥಳವಾದ ಫ್ಲಾರೆನ್ಸಿನಲ್ಲಿ ಅವರ ಕಟ್ಟಕಡೆಯ ಪಂದ್ಯ. ಅಲ್ಲಿ ಎದುರಾಳಿ ತಂಡದ ಜನರೇ ಚಪ್ಪಾಳೆ ತಟ್ಟಿ ಗೌರವಿಸಿದರು. ಅವರ ಮಗ ದಾನಿಯೆಲ್ 2022ರಲ್ಲಿ ಲೀಗ್ ಗೆದ್ದ ಮಿಲಾನ್ ತಂಡದಲ್ಲಿದ್ದರು. ಆ ಮನೆತನದ ಮೂರನೆಯ ತಲೆಮಾರಿನ ಈ ಹುಡುಗ ಮಾತ್ರ ಆರಿಸಿಕೊಂಡದ್ದು ಮುಂಬದಿಯ ಆಟವನ್ನು!

ಇವರಲ್ಲಿ ಹಿರಿಯರಾರೆಂದು ವಾದಿಸುವುದು ಸುಲಭ. ತೀರ್ಪು ಕೊಡುವುದು ಕಷ್ಟ. ಹೆಚ್ಚು ಕಪ್ಪುಗಳ ಲೆಕ್ಕ ಹಿಡಿದರೆ ಪಾವೊಲೊ ಮಾಲ್ದೀನಿ. ನಡುವಿನ ಕಾವಲಿನ ಮಟ್ಟಿಗೆ ನಮ್ಮ ಮತ ಬರೇಸಿಯವರಿಗೆ: ಗೆರೆಯನ್ನು ನಡೆಸಿದವರು ಅವರು, ತಂಡ ಕೆಳಗಿಳಿದಾಗ ಬಿಟ್ಟುಹೋಗದೆ ನಿಂತವರೂ ಅವರು. ವಾಚಕರು ಬೇರೆ ಅಭಿಪ್ರಾಯ ಹೊಂದಿದ್ದರೆ ನಮಗೆ ಬೇಸರವಿಲ್ಲ.

ಮುಂದಿನ ಸಲ ಟೆಲಿವಿಷನ್ನಿನಲ್ಲಾಗಲಿ, ನಿಮ್ಮ ಬಡಾವಣೆಯ ಮೈದಾನದಲ್ಲಾಗಲಿ ಪಂದ್ಯ ನೋಡುವಾಗ ಒಂದು ಕಾಲು ಗಂಟೆ ಚೆಂಡನ್ನು ಬಿಟ್ಟು, ಹಿಂಬದಿಯ ನಡುವೆ ನಿಂತವನನ್ನೇ ನೋಡಿರಿ. ಅವನು ಎತ್ತ ತಿರುಗುತ್ತಾನೆ, ಯಾರಿಗೆ ಕೈಸನ್ನೆ ಮಾಡುತ್ತಾನೆ, ಚೆಂಡು ದೂರವಿರುವಾಗಲೂ ಏಕೆ ನಾಲ್ಕು ಹೆಜ್ಜೆ ಸರಿಯುತ್ತಾನೆ ಎಂದು ಗಮನಿಸಿರಿ. ಮರುದಿನದ ಪತ್ರಿಕೆಯಲ್ಲಿ ಅವನ ಹೆಸರು ಬರಲಾರದು. ನೋಡಿದ ನಿಮಗಾದರೂ ಗೊತ್ತಿರುತ್ತದೆ.