ಕೆನಡಾದ ಒಂದು ಮತ, ಯೆಹೂದ್ಯರ ಕಳವಳ

೨೦೨೩ನೆಯ ಇಸವಿ ಡಿಸೆಂಬರ್ ೧೨ರಂದು, ಗಾಜಾದಲ್ಲಿ ಕದನವಿರಾಮವಾಗಬೇಕೆಂಬ ನಿರ್ಣಯವು ವಿಶ್ವಸಂಸ್ಥೆಯ ಮಹಾಸಭೆಯಲ್ಲಿ ಮತಕ್ಕೆ ಬಂದಿತು. ೧೫೩ ರಾಷ್ಟ್ರಗಳು ಅದರ ಪರವಾಗಿ ನಿಂತವು. ೧೦ ರಾಷ್ಟ್ರಗಳು ವಿರೋಧಿಸಿದವು. ೨೩ ತಟಸ್ಥವಾಗಿ ಉಳಿದವು. ಪರವಾಗಿ ನಿಂತವುಗಳಲ್ಲಿ ಕೆನಡಾ ದೇಶವೂ ಒಂದು. ಎಣಿಕೆಯಲ್ಲಿ ಅದು ಒಂದೇ ಮತ. ಆದರೆ ಆ ದೇಶದ ಯೆಹೂದ್ಯರಲ್ಲಿ ಅದು ಎಬ್ಬಿಸಿದ ಕಳವಳ ಅಲ್ಪವಾದುದಾಗಿರಲಿಲ್ಲ.

ಅದೇ ವರ್ಷ ಅಕ್ಟೋಬರ್ ೭ರಂದು ಹಮಾಸ್ ಪಡೆಗಳು ಇಸ್ರೇಲಿನೊಳಕ್ಕೆ ನುಗ್ಗಿ ಸುಮಾರು ೧,೨೦೦ ಮಂದಿಯನ್ನು ಕೊಂದು, ಸುಮಾರು ೨೫೦ ಮಂದಿಯನ್ನು ಒತ್ತೆಯಾಳುಗಳಾಗಿ ಒಯ್ದಿದ್ದವು. ಬಳಿಕ ಇಸ್ರೇಲ್ ನಡೆಸಿದ ದಾಳಿಯಲ್ಲಿ ಸತ್ತವರ ಸಂಖ್ಯೆ, ಗಾಜಾದ ಆರೋಗ್ಯ ಇಲಾಖೆಯ ಲೆಕ್ಕದಂತೆ, ಈ ಮತದಾನದ ವೇಳೆಗೆ ೧೮,೦೦೦ವನ್ನು ಮೀರಿದ್ದಿತು. ಅಕ್ಟೋಬರ್ ೨೭ರಂದು ಇಂಥದೇ ನಿರ್ಣಯ ಬಂದಾಗ ತಟಸ್ಥವಾಗಿದ್ದ ಕೆನಡಾ, ಆರು ವಾರಗಳಲ್ಲಿ ನಿಲುವನ್ನು ಬದಲಿಸಿತು. ಭಾರತವೂ ಅಕ್ಟೋಬರಿನಲ್ಲಿ ತಟಸ್ಥವಾಗಿದ್ದು ಡಿಸೆಂಬರಿನಲ್ಲಿ ಪರವಾಗಿ ಮತವಿತ್ತಿತು. ಕೆನಡಾದ ಅಂದಿನ ಪ್ರಧಾನಮಂತ್ರಿ ಜಸ್ಟಿನ್ ಟ್ರೂಡೋ ಅವರು ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡಿನ ಪ್ರಧಾನಿಗಳೊಡಗೂಡಿ ಹೇಳಿಕೆಯೊಂದನ್ನು ಹೊರಡಿಸಿದರು. ಕದನವಿರಾಮವು ಏಕಪಕ್ಷೀಯವಾಗಿರಲಾಗದು, ಹಮಾಸ್ ಒತ್ತೆಯಾಳುಗಳನ್ನು ಬಿಟ್ಟು ಶಸ್ತ್ರವನ್ನು ಕೆಳಗಿಡಬೇಕು. ಆದರೆ ಹಮಾಸನ್ನು ಸೋಲಿಸುವುದಕ್ಕಾಗಿ ಪ್ಯಾಲೆಸ್ಟೀನಿನ ಸಾಮಾನ್ಯ ಜನರು ನಿರಂತರವಾಗಿ ನರಳುವಂತಾಗಬಾರದು ಎಂಬುದು ಅದರ ಸಾರ.

ಹಾಗಿದ್ದ ಮೇಲೆ ಯೆಹೂದ್ಯರ ಆಕ್ಷೇಪಣೆ ಏನು? ನಿರ್ಣಯವು ಒತ್ತೆಯಾಳುಗಳ ಬಿಡುಗಡೆಯನ್ನು ಕೇಳಿದ್ದಿತಾದರೂ ಹಮಾಸಿನ ಹೆಸರನ್ನು ಎತ್ತಿರಲಿಲ್ಲ. ಅದನ್ನು ಸೇರಿಸಲು ಅಮೆರಿಕ ಮತ್ತು ಆಸ್ಟ್ರಿಯಾ ತಂದ ತಿದ್ದುಪಡಿಗಳಿಗೆ ಮೂರರಲ್ಲಿ ಎರಡು ಭಾಗದ ಬಹುಮತ ದೊರೆಯಲಿಲ್ಲ. ಅಪರಾಧಿಯ ಹೆಸರನ್ನೇ ಹೇಳದ ಕಾಗದಕ್ಕೆ ತಮ್ಮ ಸರಕಾರ ಒಪ್ಪಿಗೆಯಿತ್ತಿತೆಂಬುದೇ ಅವರ ನೋವು. ಅಲ್ಲಿನ ಯೆಹೂದ್ಯರ ಪ್ರಮುಖ ಸಂಸ್ಥೆಯಾದ ಇಸ್ರೇಲ್ ಹಾಗೂ ಯೆಹೂದ್ಯ ವ್ಯವಹಾರಗಳ ಕೇಂದ್ರವು ತನ್ನ ನಿರಾಶೆಯನ್ನು ತಿಳಿಸಿತು. ಮಾಂಟ್ರಿಯಲ್ ನಗರದ ಪ್ರತಿನಿಧಿ, ಆಳುವ ಲಿಬರಲ್ ಪಕ್ಷದವರೇ ಆದ ಆಂಥನಿ ಹೌಸ್‌ಫಾದರ್ ಅವರು ತಮ್ಮ ಸರಕಾರದ ಮತವನ್ನು ಬಹಿರಂಗವಾಗಿ ಅಸಮ್ಮತಿಸಿದರು.

ಈ ನೋವಿಗೆ ಹಳೆಯ ಬೇರೊಂದಿದೆ. ೧೯೩೯ರಲ್ಲಿ ಹಿಟ್ಲರನ ಜರ್ಮನಿಯಿಂದ ೯೦೦ಕ್ಕೂ ಮಿಕ್ಕ ಯೆಹೂದ್ಯರನ್ನು ಹೊತ್ತು ಬಂದ 'ಸೇಂಟ್ ಲೂಯಿಸ್' ಹಡಗಿಗೆ ಕ್ಯೂಬಾ, ಅಮೆರಿಕಗಳಂತೆ ಕೆನಡಾ ಸಹ ಆಶ್ರಯವೀಯಲಿಲ್ಲ. ಹಡಗು ಯೂರೋಪಿಗೆ ಹಿಂದಿರುಗಿತು. ಅದರಲ್ಲಿದ್ದವರಲ್ಲಿ ೨೫೪ ಮಂದಿ ಮುಂದೆ ನಡೆದ ನರಮೇಧದಲ್ಲಿ ಅಸುನೀಗಿದರು. ೧೯೩೩ರಿಂದ ೧೯೪೫ರವರೆಗೆ ಆ ವಿಶಾಲ ದೇಶವು ಬರಮಾಡಿಕೊಂಡ ಯೆಹೂದ್ಯ ನಿರಾಶ್ರಿತರು ೫,೦೦೦ಕ್ಕಿಂತಲೂ ಕಡಿಮೆ. ೨೦೧೮ರ ನವೆಂಬರಿನಲ್ಲಿ ಟ್ರೂಡೋ ಅವರೇ ಪಾರ್ಲಿಮೆಂಟಿನಲ್ಲಿ ಇದಕ್ಕಾಗಿ ಕ್ಷಮೆ ಯಾಚಿಸಿದ್ದರು. ಇನ್ನು ೨೦೨೩ರ ನವೆಂಬರಿನಲ್ಲಿ, ಮತದಾನಕ್ಕೆ ಒಂದು ತಿಂಗಳ ಮುಂಚೆ, ಮಾಂಟ್ರಿಯಲ್ಲಿನ ಎರಡು ಯೆಹೂದ್ಯ ಶಾಲೆಗಳ ಮೇಲೆ ಗುಂಡು ಹಾರಿದ್ದಿತು. ದೈವವಶಾತ್ ಯಾರಿಗೂ ಗಾಯವಾಗಲಿಲ್ಲ. ೨೦೨೧ರ ಜನಗಣತಿಯಂತೆ ಸುಮಾರು ೩,೩೫,೦೦೦ ಮಂದಿಯ, ನೂರಕ್ಕೆ ಒಬ್ಬರಷ್ಟೂ ಇಲ್ಲದ ಈ ಸಮಾಜಕ್ಕೆ ದೂರದ ನ್ಯೂಯಾರ್ಕಿನ ಮತವು ಪರದೇಶದ ವಿಷಯವಾಗಿ ಕಾಣಲಿಲ್ಲ. 'ಸರಕಾರ ನಮ್ಮ ಜೊತೆಗಿದೆಯೇ?' ಎಂಬ ಮನೆಯ ಪ್ರಶ್ನೆಯಾಗಿಯೇ ಕಂಡಿತು.

ಆದರೆ ಯೆಹೂದ್ಯರೆಲ್ಲರೂ ಒಂದೇ ದನಿಯಲ್ಲಿ ನುಡಿದರೆಂದು ತಿಳಿಯಬಾರದು. ಕದನವಿರಾಮವನ್ನೇ ಬೇಡಿದ ಯೆಹೂದ್ಯ ಸಂಘಗಳೂ ಅಲ್ಲಿದ್ದವು. ಕೆನಡಾದ ವಿನಿಪೆಗ್ ನಗರದಲ್ಲಿ ಹುಟ್ಟಿ ಇಸ್ರೇಲಿನ ಬೆಯೇರಿಯಲ್ಲಿ ನೆಲಸಿದ ವಿವಿಯನ್ ಸಿಲ್ವರ್ ಅವರು ಶಾಂತಿಗಾಗಿ ಮಹಿಳೆಯರ ಸಂಘಟನೆ ಕಟ್ಟಿದವರಲ್ಲಿ ಒಬ್ಬರು. ಗಾಜಾದ ರೋಗಿಗಳನ್ನು ಇಸ್ರೇಲಿನ ಆಸ್ಪತ್ರೆಗಳಿಗೆ ಕರೆದೊಯ್ಯುವ ಸೇವೆಯಲ್ಲಿ ತೊಡಗಿದ್ದವರು. ಅಕ್ಟೋಬರ್ ೭ರಂದೇ ಅವರು ಹತರಾದರು. ಅವರು ಒತ್ತೆಯಾಳಾಗಿರಬಹುದೆಂಬ ಮನೆಯವರ ಆಸೆ ಒಂದು ತಿಂಗಳ ನಂತರ ಕಮರಿತು. ಅವರ ಮಗ ಸೇಡಿನ ಮಾತಾಡದೆ ತಾಯಿಯ ಶಾಂತಿಕಾರ್ಯವನ್ನೇ ಕೈಗೆತ್ತಿಕೊಂಡರು. ಇತ್ತ ಗಾಜಾದಲ್ಲಿ ಬಂಧುಬಳಗವಿದ್ದ ಕೆನಡಾದ ಪ್ಯಾಲೆಸ್ಟೀನಿಯರಿಗೋ, ಡಿಸೆಂಬರಿನ ಆ ಮತ ತೀರ ತಡವಾಗಿ ಬಂದುದಾಗಿತ್ತು.

೨೦೨೪ರ ಮಾರ್ಚ್ ೧೮ರಂದು ಪ್ಯಾಲೆಸ್ಟೀನ್ ಕುರಿತ ಗೊತ್ತುವಳಿಯೊಂದು ಕೆನಡಾದ ಪಾರ್ಲಿಮೆಂಟಿನ ಕೆಳಮನೆಯಲ್ಲಿ ೨೦೪ಕ್ಕೆ ೧೧೭ ಮತಗಳಿಂದ ಅಂಗೀಕೃತವಾಯಿತು. ವಿರೋಧಿಸಿದ ಮೂವರು ಲಿಬರಲ್ ಸದಸ್ಯರಲ್ಲಿ ಹೌಸ್‌ಫಾದರ್ ಒಬ್ಬರು. ಪಕ್ಷದಲ್ಲಿ ತಮಗೆ ಸ್ಥಾನವುಂಟೇ ಎಂದು ಅವರು ವಾರಗಟ್ಟಲೆ ಆಲೋಚಿಸಿದರು. ಕಡೆಗೆ ಅಲ್ಲಿಯೇ ಉಳಿದರು. ಜುಲೈ ತಿಂಗಳಲ್ಲಿ ಟ್ರೂಡೋ ಅವರನ್ನೇ ಯೆಹೂದ್ಯ ಸಮಾಜದೊಡನೆ ಸಂಬಂಧ ಹಾಗೂ ಯೆಹೂದ್ಯದ್ವೇಷದ ನಿವಾರಣೆಯ ವಿಷಯಗಳಿಗೆ ವಿಶೇಷ ಸಲಹೆಗಾರರನ್ನಾಗಿ ನೇಮಿಸಿದರು. ೨೦೨೫ರ ಸೆಪ್ಟೆಂಬರ್ ೨೧ರಂದು ಕೆನಡಾ ಪ್ಯಾಲೆಸ್ಟೀನ್ ರಾಜ್ಯಕ್ಕೆ ಮಾನ್ಯತೆಯಿತ್ತಾಗ ಹಳೆಯ ಆಕ್ಷೇಪಣೆಗಳು ಮತ್ತೆ ಕೇಳಿಬಂದವು.

ಒಂದು ರಾಷ್ಟ್ರದ ವಿದೇಶಾಂಗ ನೀತಿಯನ್ನು ಯಾವುದೇ ಒಂದು ಸಮಾಜದ ಇಚ್ಛೆ ನಿರ್ಧರಿಸಲಾಗದು. ಗಾಜಾದಲ್ಲಿ ಸಾಯುತ್ತಿದ್ದವರ ಮೊರೆಗೆ ಕೆನಡಾ ಕಿವಿಗೊಟ್ಟುದು ತಪ್ಪೆಂದು ಹೇಳುವುದೂ ಸುಲಭವಲ್ಲ. ಆದರೆ ತನ್ನ ಮತದ ಕಾರಣವನ್ನು ನೊಂದವರ ಎದುರು ನಿಂತು ವಿವರಿಸುವುದೂ, ಅವರ ಮಕ್ಕಳು ಹೋಗುವ ಶಾಲೆಯ ಬಾಗಿಲನ್ನು ಕಾಯುವುದೂ ಸರಕಾರದ ಕರ್ತವ್ಯ. ಮತ ಯಾವ ಕಡೆಗೇ ಬೀಳಲಿ, ಈ ಹೊಣೆ ಮಾತ್ರ ತಪ್ಪುವುದಿಲ್ಲ.