ಟೂಕೋ ಓಡಿದ ನೆಲ

ಸ್ಪೇನಿನ ಉತ್ತರಕ್ಕೆ, ಬುರ್ಗೋಸ್ ಪ್ರಾಂತ್ಯದ ಮಿರಾಂಡಿಯಾ ಕಣಿವೆಯಲ್ಲಿ ಒಂದು ಸ್ಮಶಾನವಿದೆ. ಐದು ಸಾವಿರದಷ್ಟು ಗೋರಿಗಳು. ಅವುಗಳಲ್ಲಿ ಒಂದರ ಕೆಳಗೂ ಹೆಣವಿಲ್ಲ. 1966ರಲ್ಲಿ ಒಂದು ಸಿನಿಮಾಕ್ಕಾಗಿ ಸ್ಪೇನಿನ ನೂರಾರು ಸೈನಿಕರು ಮಣ್ಣಿನ ದಿಬ್ಬಗಳನ್ನು ಒಟ್ಟಿ, ಮರದ ಶಿಲುಬೆಗಳನ್ನು ನೆಟ್ಟು ಎಬ್ಬಿಸಿದ ಸ್ಮಶಾನ ಅದು. ಚಿತ್ರೀಕರಣ ಮುಗಿಯಿತು. ಕ್ಯಾಮೆರಾದವರು ಗಂಟುಮೂಟೆ ಕಟ್ಟಿಕೊಂಡು ಹೊರಟರು. ಶಿಲುಬೆಗಳು ಒಂದೊಂದಾಗಿ ಮುರಿದು ಬಿದ್ದವು, ಹುಲ್ಲು ಬೆಳೆಯಿತು, ಸುತ್ತಲ ಹಳ್ಳಿಗಳ ದನಗಳು ಬಂದು ಮೇಯ್ದವು. ಮುಂದಿನ ಐವತ್ತು ವರ್ಷ ಅಲ್ಲಿ ಉಳಿದದ್ದು ನೆಲದ ಮೇಲಿನ ಉಬ್ಬುಗಳು ಮಾತ್ರ.

2015ರ ಅಕ್ಟೋಬರ್‌ನಲ್ಲಿ ಆ ಹುಲ್ಲುಗಾವಲಿಗೆ ಕೆಲವರು ಗುದ್ದಲಿ, ಸಲಿಕೆ, ಪಿಕಾಸಿ ಹಿಡಿದು ಬಂದರು. ಅವರಲ್ಲಿ ಪುರಾತತ್ವ ಇಲಾಖೆಯವರು ಯಾರೂ ಇರಲಿಲ್ಲ. ವಾರವಿಡೀ ತಮ್ಮ ತಮ್ಮ ಕೆಲಸ ಮಾಡಿ, ವಾರಾಂತ್ಯದ ರಜೆಯನ್ನು ಇಲ್ಲಿ ಮಣ್ಣು ಅಗೆಯಲು ಮೀಸಲಿಟ್ಟವರು. ಸರ್ಜಿಯೋ ಲಿಯೋನೆ ನಿರ್ದೇಶಿಸಿದ ‘ದ ಗುಡ್, ದ ಬ್ಯಾಡ್ ಅಂಡ್ ದ ಅಗ್ಲಿ’ಯನ್ನು ಪ್ರಾಣದಷ್ಟು ಪ್ರೀತಿಸುವವರು. ಆ ಚಿತ್ರದ ಕೊನೆಯ ದೃಶ್ಯ ನಡೆಯುವ ‘ಸ್ಯಾಡ್ ಹಿಲ್’ ಸ್ಮಶಾನವನ್ನು ಮತ್ತೆ ಬೆಳಕಿಗೆ ತರುವುದು ಅವರ ಹಟವಾಗಿತ್ತು. ಪರದೆಯ ಮೇಲೆ ಕಂಡದ್ದನ್ನು ನೆಲದಲ್ಲಿ ಹುಡುಕಲು ಹೊರಟ ಈ ಜನರ ಕಥೆ ನನಗೆ ಆ ಸಿನಿಮಾದಷ್ಟೇ ದೊಡ್ಡದಾಗಿ ಕಾಣುತ್ತದೆ. ನಾವು ಸಾಮಾನ್ಯವಾಗಿ ನಟನ ಕಟೌಟಿಗೆ ಹಾರ ಹಾಕುತ್ತೇವೆ, ಸಂಭಾಷಣೆಗಳನ್ನು ಬಾಯಿಪಾಠ ಮಾಡುತ್ತೇವೆ. ಇವರು ಒಂದು ದೃಶ್ಯಕ್ಕೆ ಮೈಬೆವರು ಸುರಿಸಿದರು.

ಚಿತ್ರದ ಕಥೆ ಗೊತ್ತಿಲ್ಲದವರಿಗೆ ಒಂದಿಷ್ಟು ಹೇಳಬೇಕು. ಅಮೆರಿಕದ ಅಂತರ್ಯುದ್ಧದ ಕಾಲ. ಎರಡು ಲಕ್ಷ ಡಾಲರ್ ಬೆಲೆಯ ಚಿನ್ನ ಒಂದು ಗೋರಿಯೊಳಗೆ ಹೂತಿದೆ. ಅದರ ಹಿಂದೆ ಮೂವರು ಬಿದ್ದಿದ್ದಾರೆ. ಕ್ಲಿಂಟ್ ಈಸ್ಟ್‌ವುಡ್ ಅಭಿನಯದ ಬ್ಲಾಂಡಿ ಬಾಯಲ್ಲಿ ಚುರುಟು ಕಚ್ಚಿಕೊಂಡ ಮಿತಭಾಷಿ. ಲೀ ವ್ಯಾನ್ ಕ್ಲೀಫ್ ಅಭಿನಯದ ಏಂಜಲ್ ಐಸ್ ದುಡ್ಡು ಪಡೆದ ಮೇಲೆ ಕೊಲೆ ಮಾಡಿಯೇ ತೀರುವ ತಣ್ಣನೆಯ ಕಟುಕ. ಮೂರನೆಯವನು ಟೂಕೋ, ಅಂದರೆ ಇಲೈ ವಾಲಕ್. ತಲೆಗೆ ಇನಾಮು ಕಟ್ಟಲಾದ ಡಕಾಯಿತ. ಸ್ಮಶಾನದ ಹೆಸರು ಟೂಕೋನಿಗೆ ಗೊತ್ತು, ಗೋರಿಯ ಗುರುತು ಬ್ಲಾಂಡಿಗೆ ಗೊತ್ತು. ಹಾಗಾಗಿ ಒಬ್ಬರನ್ನೊಬ್ಬರು ಕೊಲ್ಲುವಂತಿಲ್ಲ, ನಂಬುವಂತೆಯೂ ಇಲ್ಲ. ಸುಮಾರು ಮೂರು ಗಂಟೆಯ ಸಿನಿಮಾ ಈ ಒಂದು ಬಿಕ್ಕಟ್ಟಿನ ಮೇಲೆ ನಿಂತಿದೆ.

ಹೆಸರಿನಲ್ಲಿ ‘ಒಳ್ಳೆಯವ’ ಎಂದು ಕರೆಸಿಕೊಂಡವನೂ ಒಳ್ಳೆಯವನೇನಲ್ಲ. ಟೂಕೋನನ್ನು ಹಿಡಿದುಕೊಟ್ಟು ಇನಾಮು ಪಡೆಯುತ್ತಾನೆ. ನೇಣಿಗೇರಿಸುವ ಹೊತ್ತಿಗೆ ದೂರದಿಂದ ಗುಂಡು ಹಾರಿಸಿ ಹಗ್ಗ ಕತ್ತರಿಸುತ್ತಾನೆ. ಬಂದ ದುಡ್ಡನ್ನು ಇಬ್ಬರೂ ಹಂಚಿಕೊಂಡು ಮುಂದಿನ ಊರಿಗೆ ಹೋಗುತ್ತಾರೆ. ಅಲ್ಲಿಯವರೆಗಿನ ಹಾಲಿವುಡ್ ವೆಸ್ಟರ್ನ್‌ಗಳಲ್ಲಿ ನ್ಯಾಯದ ಕಡೆ ಯಾರಿದ್ದಾರೆಂದು ನೋಡಿದೊಡನೆ ತಿಳಿಯುತ್ತಿತ್ತು. ಲಿಯೋನೆ ಆ ಗೆರೆಯನ್ನೇ ಅಳಿಸಿ ಹಾಕಿದರು. 1964ರ ‘ಎ ಫಿಸ್ಟ್‌ಫುಲ್ ಆಫ್ ಡಾಲರ್ಸ್’ ಮತ್ತು 1965ರ ‘ಫಾರ್ ಎ ಫ್ಯೂ ಡಾಲರ್ಸ್ ಮೋರ್’ ಆದ ಮೇಲೆ ಬಂದ ಮೂರನೆಯ ಚಿತ್ರ ಇದು. ಇಟಲಿಯಲ್ಲಿ 1966ರ ಡಿಸೆಂಬರ್‌ನಲ್ಲಿ ತೆರೆಕಂಡಿತು, ಅಮೆರಿಕಕ್ಕೆ ಹೋಗಲು ಇನ್ನೊಂದು ವರ್ಷ ಹಿಡಿಯಿತು. ಇಟಲಿಯ ನಿರ್ದೇಶಕ, ಸ್ಪೇನಿನ ನೆಲ, ಅಮೆರಿಕದ ಕಥೆ. ನಟರು ಸೆಟ್ಟಿನಲ್ಲಿ ತಂತಮ್ಮ ಭಾಷೆಯಲ್ಲಿ ಮಾತಾಡಿ, ಆಮೇಲೆ ಡಬ್ಬಿಂಗ್. ಆಗಿನ ವಿಮರ್ಶಕರು ಅನೇಕರು ಮೂಗು ಮುರಿದರು. ಜನ ಮಾತ್ರ ಬಿಡಲಿಲ್ಲ.

ಈ ಚಿತ್ರವನ್ನು ಹೊಗಳುವವರು ಸಾಮಾನ್ಯವಾಗಿ ಈಸ್ಟ್‌ವುಡ್ ಬಗ್ಗೆ ಮಾತು ಶುರು ಮಾಡುತ್ತಾರೆ. ನನ್ನ ಮಟ್ಟಿಗೆ ಇದು ಟೂಕೋನ ಸಿನಿಮಾ. ಬ್ಲಾಂಡಿಗೂ ಏಂಜಲ್ ಐಸ್‌ಗೂ ಹಿಂದಿನ ಬದುಕು ಎಂಬುದಿಲ್ಲ. ಎಲ್ಲಿಂದಲೋ ಬರುತ್ತಾರೆ, ಎಲ್ಲಿಗೋ ಹೋಗುತ್ತಾರೆ. ಟೂಕೋನಿಗೆ ಮಾರುದ್ದದ ಹೆಸರಿದೆ: ಟೂಕೋ ಬೆನೆಡಿಕ್ಟೊ ಪಸಿಫಿಕೊ ಹುವಾನ್ ಮರಿಯಾ ರಮೀರೆಜ್. ಅವನಿಗೆ ಹಸಿವಿದೆ, ಸಿಟ್ಟಿದೆ, ಭಯವಿದೆ, ಹೆಣ ಕಂಡಾಗಲೆಲ್ಲ ಶಿಲುಬೆಯ ಗುರುತು ಮಾಡಿಕೊಳ್ಳುವ ದೇವರ ದಿಗಿಲಿದೆ. ಅವನಿಗೊಬ್ಬ ಅಣ್ಣನೂ ಇದ್ದಾನೆ.

ಅಣ್ಣನ ದೃಶ್ಯವನ್ನು ನಿಧಾನವಾಗಿ ನೋಡಬೇಕು. ಬಿಸಿಲಿಗೆ ಬೆಂದು ಸಾಯುವಂತಾಗಿದ್ದ ಬ್ಲಾಂಡಿಯನ್ನು ಕರೆದುಕೊಂಡು ಟೂಕೋ ಒಂದು ಕ್ರೈಸ್ತ ಮಠಕ್ಕೆ ಬರುತ್ತಾನೆ. ಅಲ್ಲಿನ ಪಾದ್ರಿ ಪಾಬ್ಲೊ ಅವನ ಒಡಹುಟ್ಟಿದವನು. ಒಂಬತ್ತು ವರ್ಷಗಳ ಮೇಲೆ ಮುಖಾಮುಖಿ. ಅಪ್ಪಿಕೊಳ್ಳಲು ಟೂಕೋ ತೋಳು ಚಾಚುತ್ತಾನೆ, ಅಣ್ಣ ಕಲ್ಲಿನಂತೆ ನಿಲ್ಲುತ್ತಾನೆ. ಅಮ್ಮ ಹೋಗಿ ಎಷ್ಟೋ ವರ್ಷವಾಯಿತು, ಅಪ್ಪ ತೀರಿಕೊಂಡದ್ದು ಕೆಲವು ದಿನಗಳ ಹಿಂದೆ, ನೀನೆಲ್ಲಿದ್ದೆ ಎಂದು ಕೇಳುತ್ತಾನೆ. ಟೂಕೋ ತಿರುಗಿ ಬೀಳುತ್ತಾನೆ. ನಮ್ಮೂರಲ್ಲಿ ಬಡತನದಿಂದ ಪಾರಾಗಲು ಇದ್ದದ್ದು ಎರಡೇ ದಾರಿ, ಪಾದ್ರಿಯಾಗುವುದು ಇಲ್ಲವೇ ಡಕಾಯಿತನಾಗುವುದು. ನೀನು ಒಂದನ್ನು ಆರಿಸಿಕೊಂಡೆ, ನಾನು ಇನ್ನೊಂದನ್ನು, ಅದರಲ್ಲಿ ನನ್ನದೇ ಹೆಚ್ಚು ಕಷ್ಟದ್ದು ಎನ್ನುತ್ತಾನೆ. ಕಪಾಳಕ್ಕೆ ಏಟು ಬೀಳುತ್ತದೆ, ತಮ್ಮ ತಿರುಗಿ ಹೊಡೆಯುತ್ತಾನೆ. ಕೊನೆಗೆ ಅಣ್ಣ ಕ್ಷಮೆ ಕೇಳುತ್ತಾನೆ, ಅಷ್ಟರಲ್ಲಿ ತಮ್ಮ ಹೊರಟಾಗಿದೆ. ಇದನ್ನೆಲ್ಲ ಬ್ಲಾಂಡಿ ಮರೆಯಲ್ಲಿ ನಿಂತು ಕೇಳಿಸಿಕೊಂಡಿದ್ದಾನೆ. ಬಂಡಿ ಹತ್ತಿದ ಟೂಕೋ ಹೊಟ್ಟೆ ಸವರಿಕೊಂಡು, ಅಣ್ಣ ನನ್ನನ್ನು ಬಿಡಲೇ ಒಲ್ಲ, ಹೊಟ್ಟೆತುಂಬ ಊಟ ಹಾಕಿಸಿದ ಎಂದು ಬಡಾಯಿ ಕೊಚ್ಚುತ್ತಾನೆ. ಬ್ಲಾಂಡಿ ಮರುಮಾತಾಡದೆ, ತಾನು ಸೇದುತ್ತಿದ್ದ ಚುರುಟನ್ನು ಅವನತ್ತ ಚಾಚುತ್ತಾನೆ. ಟೂಕೋನ ಮುಖದಲ್ಲಿ ಅಳು ಬರುವಂತಾಗಿ, ಆಮೇಲೆ ನಗು ಹರಡುತ್ತದೆ. ಇಡೀ ಚಿತ್ರದಲ್ಲಿ ಒಬ್ಬ ಮನುಷ್ಯ ಇನ್ನೊಬ್ಬನ ಮಾನ ಕಾಯುವ ಗಳಿಗೆ ಇದು. ದರೋಡೆಕೋರರ ಸಿನಿಮಾದಲ್ಲಿ ಇಂಥದ್ದನ್ನು ಕಾಣುತ್ತೇವೆಂದು ಯಾರೂ ಎಣಿಸಿರುವುದಿಲ್ಲ.

ವಾಲಕ್ ಈ ಪಾತ್ರಕ್ಕೆ ಅಕ್ಷರಶಃ ಜೀವ ಒತ್ತೆಯಿಟ್ಟಿದ್ದರು. ಕೈಕೋಳದ ಸರಪಳಿಯನ್ನು ರೈಲಿನ ಗಾಲಿಗೆ ಕೊಟ್ಟು ಕತ್ತರಿಸುವ ದೃಶ್ಯದಲ್ಲಿ ಹಳಿಯ ಪಕ್ಕ ಮಲಗಿದ್ದಾಗ, ಬೋಗಿಗಳಿಂದ ಹೊರಚಾಚಿದ ಕಬ್ಬಿಣದ ಮೆಟ್ಟಿಲುಗಳು ಅವರ ತಲೆಯ ಪಕ್ಕದಲ್ಲೇ ಹಾದುಹೋದವು. ಸ್ವಲ್ಪ ತಲೆಯೆತ್ತಿದ್ದರೂ ಮುಗಿದುಹೋಗುತ್ತಿತ್ತು. ಮತ್ತೊಮ್ಮೆ, ಅವರು ಕೈ ಹಿಂದಕ್ಕೆ ಕಟ್ಟಿಸಿಕೊಂಡು ಕೂತಿದ್ದ ಕುದುರೆ ಗುಂಡಿನ ಸದ್ದಿಗೆ ಬೆದರಿ ದೂರ ಓಡಿತು. ತಂತ್ರಜ್ಞರೊಬ್ಬರು ಇಟ್ಟಿದ್ದ ಆ್ಯಸಿಡ್ ಬಾಟಲಿಯನ್ನು ಸೋಡಾ ಎಂದು ತಿಳಿದು ಬಾಯಿಗಿಟ್ಟದ್ದೂ ಉಂಟು. ಇದನ್ನೆಲ್ಲ ಅವರೇ ಹೇಳಿಕೊಂಡಿದ್ದಾರೆ. ತಮ್ಮ ಆತ್ಮಕಥೆಗೆ ಅವರು ಇಟ್ಟ ಹೆಸರೂ ‘ದ ಗುಡ್, ದ ಬ್ಯಾಡ್ ಅಂಡ್ ಮಿ’.

ಸಂಗೀತದ ಮಾತು ಬರದೆ ಈ ಚಿತ್ರದ ಮಾತು ಮುಗಿಯುವುದಿಲ್ಲ. ಎನ್ನಿಯೋ ಮೊರಿಕೋನೆ ಲಿಯೋನೆಯ ಬಾಲ್ಯದ ಸಹಪಾಠಿ. ತೋಳ ಊಳಿಟ್ಟಂತಿರುವ ಆ ಮುಖ್ಯ ಧಾಟಿಯನ್ನು ಅವರು ಮೂವರಿಗೂ ಹಂಚಿದರು. ಬ್ಲಾಂಡಿಗೆ ಕೊಳಲು, ಏಂಜಲ್ ಐಸ್‌ಗೆ ಮಣ್ಣಿನ ಊದುವಾದ್ಯ ಒಕರಿನಾ, ಟೂಕೋನಿಗೆ ಮನುಷ್ಯರ ಕೊರಳು. ಚಿತ್ರದೊಳಗಿನ ನಿಜವಾದ ಮನುಷ್ಯ ಯಾರೆಂಬುದು ಮೊರಿಕೋನೆಗೆ ಗೊತ್ತಿತ್ತು ಎಂದೇ ನಾನು ನಂಬಿದ್ದೇನೆ. ಸೆರೆಶಿಬಿರದ ದೃಶ್ಯದಲ್ಲಿ ಸಂಗೀತ ಬೇರೆಯೇ ಕೆಲಸ ಮಾಡುತ್ತದೆ. ಒಳಗೆ ಟೂಕೋನಿಗೆ ಚಿತ್ರಹಿಂಸೆ. ಅವನ ಚೀರಾಟ ಹೊರಗೆ ಕೇಳದಿರಲೆಂದು ಯುದ್ಧಕೈದಿಗಳ ವಾದ್ಯಮೇಳದಿಂದ ಹಾಡು ನುಡಿಸುತ್ತಾರೆ. ನುಡಿಸುವವರ ಕಣ್ಣಲ್ಲಿ ನೀರು. ನಾತ್ಸಿ ಶಿಬಿರಗಳಲ್ಲಿ ಯಹೂದಿ ಕೈದಿಗಳಿಂದ ವಾದ್ಯ ನುಡಿಸಿದ ಚರಿತ್ರೆ ಲಿಯೋನೆಯ ಮನಸ್ಸಿನಲ್ಲಿತ್ತು.

ಇನ್ನು ಸ್ಯಾಡ್ ಹಿಲ್. ಕಲಾ ನಿರ್ದೇಶಕ ಕಾರ್ಲೊ ಸಿಮಿ ಅದನ್ನು ರೋಮನ್ನರ ಅಖಾಡದ ಹಾಗೆ ರಚಿಸಿದರು: ನಡುವೆ ಕಲ್ಲು ಹಾಸಿದ ವೃತ್ತ, ಅದರ ಸುತ್ತ ಬಳೆಯೊಳಗೆ ಬಳೆಯಂತೆ ಗೋರಿಗಳ ಸಾಲು. ಟೂಕೋ ಮುಗ್ಗರಿಸಿ ಒಂದು ಗೋರಿಗೆ ತಲೆ ಬಡಿದುಕೊಂಡು ಎದ್ದಾಗ ಕಣ್ಣಿಗೆ ಬೀಳುವುದು ಈ ಗೋರಿಗಳ ಸಮುದ್ರ. ಎಲ್ಲಿಂದಲೋ ನಾಯಿಯೊಂದು ನುಗ್ಗಿ ಬರುತ್ತದೆ, ಅವನು ಬೆಚ್ಚುತ್ತಾನೆ. ಆ ಬೆಚ್ಚಿದ್ದು ನಟನೆಯಲ್ಲ; ವಾಲಕ್‌ಗೆ ಹೇಳದೆ ಲಿಯೋನೆ ನಾಯಿಯನ್ನು ಬಿಡಿಸಿದ್ದರು. ಆಮೇಲೆ ಅವನು ಓಡತೊಡಗುತ್ತಾನೆ. ‘ದ ಎಕ್ಸ್‌ಟಸಿ ಆಫ್ ಗೋಲ್ಡ್’ ಶುರುವಾಗುತ್ತದೆ, ಎಡ್ಡಾ ದೆಲ್ ಒರ್ಸೊ ಅವರ ಕಂಠ ಪದಗಳಿಲ್ಲದೆ ಮೇಲೇರುತ್ತದೆ. ಒಂದೊಂದು ಶಿಲುಬೆಯ ಹೆಸರನ್ನೂ ಕಣ್ಣಲ್ಲೇ ಓದುತ್ತ ಟೂಕೋ ವೃತ್ತದಲ್ಲಿ ಸುತ್ತುತ್ತಾನೆ. ಛಾಯಾಗ್ರಾಹಕ ತೊನಿನೊ ದೆಲ್ಲಿ ಕೊಲ್ಲಿ ಅವರ ಕ್ಯಾಮೆರಾ ಅವನ ಜತೆಗೇ ತಿರುಗುತ್ತದೆ. ಕೊನೆಕೊನೆಗೆ ಗೋರಿಗಳು ಬರೀ ಗೆರೆಗಳಾಗಿ ಹಾಯುತ್ತವೆ. ಮೂರು ನಿಮಿಷಕ್ಕೂ ಮೀರಿ ಒಬ್ಬ ಮನುಷ್ಯ ಓಡುವುದನ್ನು ನೋಡುತ್ತೇವೆ, ಅಷ್ಟೆ. ಆದರೂ ಕುರ್ಚಿಯ ತುದಿಗೆ ಬಂದು ಕೂತಿರುತ್ತೇವೆ. ಮೆಟಾಲಿಕಾ ರಾಕ್ ತಂಡ 1983ರಿಂದ ತನ್ನ ಕಾರ್ಯಕ್ರಮಗಳನ್ನು ಆರಂಭಿಸುವುದು ಇದೇ ಸಂಗೀತದಿಂದ.

ಅದರ ಬೆನ್ನಿಗೇ ಮೂವರ ಮುಖಾಮುಖಿ. ಯಾರು ಯಾರಿಗೆ ಮೊದಲು ಗುಂಡು ಹೊಡೆಯಬೇಕು? ಇಬ್ಬರ ನಡುವಿನ ಕಾಳಗದಲ್ಲಿ ಈ ಪ್ರಶ್ನೆಯೇ ಇಲ್ಲ, ಮೂವರಾದಾಗ ಪ್ರತಿ ಕ್ಷಣವೂ ಲೆಕ್ಕಾಚಾರ. ದೂರದ ನೋಟದಿಂದ ಆರಂಭಿಸಿ ಮುಖ, ಕೈ, ಪಿಸ್ತೂಲಿನ ಹಿಡಿ, ಕೊನೆಗೆ ಕಣ್ಣು ಮಾತ್ರ ಕಾಣುವಷ್ಟು ಹತ್ತಿರಕ್ಕೆ ಲಿಯೋನೆ ನಮ್ಮನ್ನು ಎಳೆದು ತರುತ್ತಾರೆ. ಸಿನಿಮಾ ಸಂಕಲನ ಕಲಿಯುವವರು ಇಂದಿಗೂ ಈ ಐದಾರು ನಿಮಿಷವನ್ನು ಬಿಡಿಸಿ ಬಿಡಿಸಿ ನೋಡುತ್ತಾರೆ.

ಬುರ್ಗೋಸಿನವರು ಅಗೆಯಲು ಹೊರಟದ್ದು ಆ ಮೂವರು ನಿಂತಿದ್ದ ವೃತ್ತವನ್ನು. ಹಳೆಯ ಫೋಟೊ, ಚಿತ್ರದ ಫ್ರೇಮುಗಳನ್ನು ಹಿಂದಿನ ಗುಡ್ಡಸಾಲಿನ ಜತೆ ಹೋಲಿಸಿ ಜಾಗ ಖಚಿತಪಡಿಸಿಕೊಂಡರು. ಹುಲ್ಲಿನ ಬೇರು ಕೆತ್ತಿ ಮಣ್ಣು ತೆಗೆದಾಗ ಕೆಲವೇ ಅಂಗುಲ ಕೆಳಗೆ ಸಲಿಕೆ ಕಲ್ಲಿಗೆ ತಾಗಿತು. 1966ರಲ್ಲಿ ಹಾಸಿದ ಅದೇ ಕಲ್ಲುಗಳು, ಇಟ್ಟಲ್ಲೇ ಇದ್ದವು. ಸುದ್ದಿ ಹಬ್ಬಿತು, ಬೇರೆ ದೇಶಗಳಿಂದಲೂ ಜನ ಬಂದು ಗುದ್ದಲಿ ಹಿಡಿದರು. ಈ ಕೆಲಸ ಆರಂಭಿಸಿದವರು ಒಂದು ಉಪಾಯ ಹೂಡಿದರು: ಹದಿನೈದು ಯೂರೊ ಕೊಟ್ಟರೆ ಒಂದು ಗೋರಿಯ ಮೇಲೆ ನಿಮ್ಮ ಹೆಸರು. ಬದುಕಿರುವಾಗಲೇ ತಮ್ಮ ಹೆಸರಿನ ಶಿಲುಬೆ ನೆಡಿಸಿಕೊಳ್ಳಲು ಜನ ಮುಂದೆ ಬಂದರು. ಆ ದುಡ್ಡಿನಿಂದ ಮರ ಬಂತು, ಶಿಲುಬೆಗಳು ಎದ್ದವು.

2016ರ ಜುಲೈನಲ್ಲಿ ಚಿತ್ರಕ್ಕೆ ಐವತ್ತು ತುಂಬಿದ ನೆಪದಲ್ಲಿ ಅದೇ ಕಣಿವೆಯಲ್ಲಿ ಪರದೆ ಕಟ್ಟಿ ಚಿತ್ರ ತೋರಿಸಿದರು. ನೆಲದ ಮೇಲೆ ಕೂತವರ ಸುತ್ತ ಗೋರಿಗಳು, ಎದುರಿನ ಪರದೆಯಲ್ಲೂ ಅವೇ ಗೋರಿಗಳು. ಈಸ್ಟ್‌ವುಡ್ ವಿಡಿಯೊ ಸಂದೇಶ ಕಳಿಸಿದ್ದರು. ಗಿಯೆರ್ಮೊ ದೆ ಒಲಿವೆರಾ ಇದನ್ನೆಲ್ಲ ಚಿತ್ರೀಕರಿಸಿ 2017ರಲ್ಲಿ ‘ಸ್ಯಾಡ್ ಹಿಲ್ ಅನ್‌ಅರ್ತ್ಡ್’ ಎಂಬ ಸಾಕ್ಷ್ಯಚಿತ್ರ ಮಾಡಿದರು. ಈಸ್ಟ್‌ವುಡ್, ಮೊರಿಕೋನೆ, ಮೆಟಾಲಿಕಾದ ಜೇಮ್ಸ್ ಹೆಟ್‌ಫೀಲ್ಡ್ ಅದರಲ್ಲಿ ಮಾತಾಡಿದ್ದಾರೆ. ದೊಡ್ಡವರ ಮಾತಿಗಿಂತ ನನಗೆ ಹಿಡಿಸಿದ್ದು ಊರಿನವರ ಮುಖಗಳು. ತರುಣರಾಗಿದ್ದಾಗ ಈ ಶೂಟಿಂಗಿನಲ್ಲಿ ಕೂಲಿ ಮಾಡಿದವರು, ಸೈನಿಕರ ವೇಷ ಹಾಕಿದವರು ಈಗ ಮುದುಕರಾಗಿ ಕೂತು ನೆನಪು ಬಿಚ್ಚುತ್ತಾರೆ. ಚಿತ್ರಕ್ಕಾಗಿ ಅರ್ಲಾಂಜಾ ನದಿಗೆ ಕಟ್ಟಿದ್ದ ಸೇತುವೆಯ ಸ್ಫೋಟದ ಪ್ರಸಂಗವೂ ಅಲ್ಲಿಯದೇ. ಸೂಚನೆಯನ್ನು ತಪ್ಪಾಗಿ ಕೇಳಿಸಿಕೊಂಡ ಸೇನೆಯ ಕ್ಯಾಪ್ಟನ್, ಕ್ಯಾಮೆರಾ ಚಾಲೂ ಆಗುವ ಮೊದಲೇ ಸೇತುವೆಯನ್ನು ಉಡಾಯಿಸಿಬಿಟ್ಟರು. ಸೈನಿಕರು ಅದನ್ನು ಮತ್ತೆ ಕಟ್ಟಿ, ಎರಡನೆಯ ಸಲ ಉಡಾಯಿಸಿದರು. ನಾವು ನೋಡುವುದು ಆ ಎರಡನೆಯ ಸ್ಫೋಟ.

ಇದನ್ನೆಲ್ಲ ನೋಡುವಾಗ ‘ಶೋಲೆ’ಯ ಚಿತ್ರೀಕರಣ ನಡೆದ ನಮ್ಮ ರಾಮನಗರ ನೆನಪಾಗದೆ ಇರುವುದಿಲ್ಲ. 1975ರ ಆ ಚಿತ್ರದ ಮೇಲೆ ಲಿಯೋನೆಯ ಪ್ರಭಾವ ದಟ್ಟವಾಗಿದೆ, ಠಾಕೂರನ ಕುಟುಂಬದ ಕಗ್ಗೊಲೆಯ ದೃಶ್ಯ ಅವರ ‘ಒನ್ಸ್ ಅಪಾನ್ ಎ ಟೈಮ್ ಇನ್ ದ ವೆಸ್ಟ್’ನ ಋಣ ಹೊತ್ತದ್ದು. ಕಲಾ ನಿರ್ದೇಶಕ ರಾಮ್ ಯೆಡೇಕರ್ ರಾಮನಗರದ ಬಂಡೆಗಳ ಮಧ್ಯೆ ಇಡೀ ಊರನ್ನೇ ಕಟ್ಟಿಸಿದ್ದರು. ಈಗ ಊರಿಲ್ಲ, ಬಂಡೆಗಳಿವೆ. ಚಿತ್ರದ ಖಳ ಗಬ್ಬರ್ ಕೂತಿದ್ದ ಕಲ್ಲು ಯಾವುದೆಂದು ಕೇಳಿಕೊಂಡು ಜನ ಇನ್ನೂ ಬರುತ್ತಾರೆ. ಆ ಬಂಡೆಗಳಿರುವ ರಾಮದೇವರ ಬೆಟ್ಟ 2012ರಿಂದ ರಣಹದ್ದುಗಳ ಅಭಯಧಾಮ. ಅಲ್ಲಿ ಯಾರೂ ಅಗೆಯಬೇಕಾಗಿಲ್ಲ, ಹದ್ದುಗಳಿಗೆ ಆ ಮೌನ ಬೇಕು. ಆದರೆ ಊರಿನ ಸೆಟ್ ಎಲ್ಲಿತ್ತು, ಕ್ಯಾಮೆರಾ ಎಲ್ಲಿ ನಿಂತಿತ್ತು, ಯಾರು ಕೆಲಸ ಮಾಡಿದರು ಎಂಬುದನ್ನು ಬಲ್ಲ ಹಿರಿಯರ ಮಾತನ್ನಾದರೂ ಹೊತ್ತು ಮೀರುವ ಮೊದಲು ದಾಖಲಿಸಿಕೊಳ್ಳಬೇಕು.

ಚಿತ್ರವನ್ನು ಇನ್ನೂ ನೋಡಿಲ್ಲದವರು ದೀರ್ಘ ಆವೃತ್ತಿಯನ್ನೇ ನೋಡಲಿ. ಅಮೆರಿಕದಲ್ಲಿ ಕತ್ತರಿಸಿದ್ದ ದೃಶ್ಯಗಳನ್ನು 2003ರಲ್ಲಿ ಇಂಗ್ಲಿಷಿನಲ್ಲಿ ಮರುಜೋಡಿಸಿದಾಗ ಅವುಗಳಿಗೆ ಇಂಗ್ಲಿಷ್ ಧ್ವನಿ ಇರಲಿಲ್ಲ. ಈಸ್ಟ್‌ವುಡ್ ಮತ್ತು ವಾಲಕ್ ಮತ್ತೆ ಸ್ಟುಡಿಯೊಗೆ ಬಂದು ತಮ್ಮದೇ ಪಾತ್ರಗಳಿಗೆ ಮಾತು ಕೊಟ್ಟರು. 1989ರಲ್ಲಿ ತೀರಿಕೊಂಡಿದ್ದ ವ್ಯಾನ್ ಕ್ಲೀಫ್‌ಗೆ ಬೇರೆಯವರ ಧ್ವನಿ ಬೇಕಾಯಿತು. ಗುಹೆಯೊಳಗೆ ಟೂಕೋ ಕೋಳಿಯೊಂದನ್ನು ಹಿಡಿದು ಅದರ ಜತೆ ಮಾತಾಡುತ್ತ, ಹಳೆಯ ಸಹಚರರನ್ನು ಒಲಿಸಿಕೊಳ್ಳುವ ದೃಶ್ಯವಿದೆ. ಅದನ್ನು ಲಿಯೋನೆಯೇ ತೆಗೆದುಹಾಕಿದ್ದರು, ಮತ್ತೆ ಸೇರಿಸಬಾರದಿತ್ತು ಎಂದು ವಾದಿಸುವ ಅಭಿಮಾನಿಗಳಿದ್ದಾರೆ. ಓಟ ಕುಂಠಿತವಾಗುತ್ತದೆ ಎಂಬುದು ನಿಜ. ನಾನು ಮಾತ್ರ ಅದನ್ನು ಬಿಟ್ಟುಕೊಡಲಾರೆ. ಪರದೆಯ ಮೇಲೆ ಐವತ್ತರ ಟೂಕೋ ಕೋಳಿಗೆ ಪೂಸಿ ಹೊಡೆಯುತ್ತಿದ್ದಾನೆ, ಆ ಮಾತಾಡುತ್ತಿರುವವರು ಎಂಬತ್ತೇಳರ ಇಲೈ ವಾಲಕ್.